ಉಪ್ಪಿನ ಗೆರೆಯೊಳಗಿನ ತಟ್ಟೆ

ತೀರ್ಥಪ್ಪನವರ ಮಗಳು ಮಲ್ಲಿಕಾಂಬ ನನ್ನನ್ನು ಪ್ರೀತಿಸುತ್ತಿದ್ದಾಳೆ ಎಂದು ನಾನು ಮೂರು ಹುಣ್ಣಿಮೆಗಳ ಕಾಲ ನಂಬಿದ್ದೆ. ಕಾರಣವಿಲ್ಲದೆ ಅಲ್ಲ. ಹುಣ್ಣಿಮೆ ಬಂತೆಂದರೆ ನನ್ನ ಕೋಣೆಯ ಹೊಸ್ತಿಲ ಮೇಲೆ ಮುತ್ತುಗದ ಎಲೆಯ ಪುಟ್ಟ ಪೊಟ್ಟಣವೊಂದು ಇರುತ್ತಿತ್ತು. ಬಿಚ್ಚಿದರೆ ಒಂದು ಚಿಟಿಕೆ ಕಲ್ಲುಪ್ಪು, ಒಂದಿಷ್ಟು ತುಂಬೆ ಹೂವು, ಬೇವಿನ ಕಡ್ಡಿಗೆ ಸುತ್ತಿದ ಕೆಂಪು ದಾರ. ಹೂವು ಅಂದಮೇಲೆ ಅರ್ಥ ಹೇಳಬೇಕೆ? ದಾರವನ್ನಂತೂ ನಾನು ಮನಸ್ಸಿನಲ್ಲೇ ಅರಿಶಿನ ಹಚ್ಚಿ ನೋಡಿದ್ದೆ. ಉಪ್ಪು ಒಂದು ಸ್ವಲ್ಪ ತೊಡಕಾಯಿತು, ಆದರೆ ಪ್ರೀತಿಯಲ್ಲಿ ಎಲ್ಲವೂ ತಿಳಿಯಲೇಬೇಕೆಂದಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಪೌಡರ್ ಡಬ್ಬಿ ತಂದೆ. ಚೊಂಬಿಗೆ ಕೆಂಡ ಹಾಕಿ ಅಂಗಿ ಇಸ್ತ್ರಿ ಮಾಡತೊಡಗಿದೆ. ಬೈತಲೆಯನ್ನು ಎಡದಿಂದ ಬಲಕ್ಕೆ ದಾಟಿಸಿದೆ.

ಕೊನೆಗೊಂದು ಬೆಳಿಗ್ಗೆ ಏಣಿಮೆಟ್ಟಿಲ ಬಳಿ ಧೈರ್ಯ ಮಾಡಿದೆ.

"ಪೊಟ್ಟಣ ಸಿಗ್ತಾ ಇದೆ," ಎಂದೆ, ಸಾಧ್ಯವಾದಷ್ಟು ಗಂಭೀರವಾಗಿ.

"ಸಿಗ್ತಾ ಇದ್ಯಾ? ಮತ್ತೆ ಇನ್ನೂ ಯಾಕಿದೀರಾ?"

"ಅಂದ್ರೆ?"

"ಅದು ನೀವು ರೂಮ್ ಖಾಲಿ ಮಾಡ್ಲಿ ಅಂತ ಇಟ್ಟಿದ್ದು ಕಣ್ರೀ, ಮೀಟರಣ್ಣ. ಮೂರು ಹುಣ್ಣಿಮೇಲಿ ಹೋಗ್ತಾರೆ ಅಂತ ಪುಸ್ತಕದಲ್ಲಿತ್ತು. ನೀವು ನೋಡಿದ್ರೆ ಪೌಡರ್ ಬಳ್ಕೊಂಡು ಓಡಾಡ್ತಿದೀರಿ."

ಬೈತಲೆಯನ್ನು ಅವತ್ತೇ ಎಡಕ್ಕೆ ವಾಪಸ್ ತಂದೆ.

ಮೀಟರಣ್ಣ ಎಂದರೆ ನಾನು, ಕಡೂರಿನ ಅನಂತಪದ್ಮನಾಭ. ಎಂಬತ್ತೆರಡರಲ್ಲಿ ವಿದ್ಯುತ್ ಮಂಡಳಿಯಲ್ಲಿ ಹಂಗಾಮಿ ಮೀಟರ್ ರೀಡರ್ ಆಗಿ ಅಜ್ಜಂಪುರಕ್ಕೆ ಬಂದವನು. ಹೆಸರಿನ ಉದ್ದಕ್ಕೂ ಸಂಬಳದ ಉದ್ದಕ್ಕೂ ಸಂಬಂಧವಿರಲಿಲ್ಲ. ಈರುಳ್ಳಿ ಮಂಡಿ ತೀರ್ಥಪ್ಪನವರ ಮಾಳಿಗೆಯ ಮೇಲೆ ಒಂಟಿ ಕೋಣೆ ಬಾಡಿಗೆಗೆ ಸಿಕ್ಕಿತು. ನಾನು ಬರುವ ಮೊದಲು ಆ ಮಾಳಿಗೆ ಮಲ್ಲಿಕಾಂಬಳದಾಗಿತ್ತು. ಚಂದ್ರ ಹುಟ್ಟುವುದನ್ನು ಅಡ್ಡಿಯಿಲ್ಲದೆ ನೋಡಲು ಆ ಓಣಿಯಲ್ಲಿ ಇದ್ದದ್ದು ಅದೊಂದೇ ಜಾಗ.

ಆಗ ಅವಳಿಗೆ ಹದಿನೇಳು. ತರೀಕೆರೆಗೆ ಬಸ್ಸಿನಲ್ಲಿ ಓಡಾಡಿ ಪಿಯುಸಿ ಓದುತ್ತಿದ್ದಳು. ಸಣಕಲು ಹುಡುಗಿ, ಮಾತು ಕಮ್ಮಿ. ಎದುರಿಗಿರುವವರನ್ನು ನೋಡುವಾಗ ರೆಪ್ಪೆ ಬಡಿಯುವುದನ್ನು ಮರೆಯುತ್ತಿದ್ದಳು. ಪಕ್ಕದ ಮನೆಯ ಕಲ್ಲಮ್ಮ ನನಗೆ ಮೊದಲ ವಾರವೇ ಹೇಳಿದ್ದಳು: "ಆ ಹುಡ್ಗಿ ಕಣ್ಣಿಗೆ ಕಣ್ಣು ಕೊಡ್ಬೇಡ ಕಣಪ್ಪ. ಅವತ್ತು ನಮ್ಮ ಎಮ್ಮೆ ನೋಡ್ತಾ ನಿಂತಿದ್ಲು, ಸಂಜೆಗೆ ಹಾಲೇ ಇಳೀಲಿಲ್ಲ."

ಹಿಂದಿನ ವರ್ಷ ಕಾಲೇಜಿನವರು ಕೆಮ್ಮಣ್ಣುಗುಂಡಿಗೆ ಪ್ರವಾಸ ಹೋಗಿದ್ದಾಗ ಅಲ್ಲಿ ಉಳಿದುಕೊಂಡಿದ್ದ ಒಬ್ಬ ಇಂಗ್ಲಿಷ್ ಹೆಂಗಸು ಇವಳನ್ನೂ ಇವಳ ಗೆಳತಿ ಶಾರದಾಂಬಾಳನ್ನೂ ಕೂರಿಸಿಕೊಂಡು ಮಾತಾಡಿದ್ದಳಂತೆ. ಬಿಳಿ ಕೂದಲನ್ನು ಹಾಗೇ ಹರವಿಕೊಂಡಿದ್ದ ಮುದುಕಿ. ತಮ್ಮ ದೇಶದಲ್ಲಿ ಇಗರ್ಜಿ ಬರುವ ಮುಂಚೆಯೇ ಚಂದ್ರನನ್ನೂ ಗಿಡಮೂಲಿಕೆಯನ್ನೂ ಪೂಜಿಸುವ ಹೆಂಗಸರಿದ್ದರು, ಈಗಲೂ ಇದ್ದೇವೆ, ಅದಕ್ಕೆ ವಿಕ್ಕಾ ಅಂತ ಹೆಸರು ಎಂದು ಹೇಳಿ ಒಂದು ತೆಳ್ಳನೆ ಪುಸ್ತಕ ಕೊಟ್ಟಳು.

"ಕಪ್ಪು ಕಲ್ಲನ್ನ ಅಂಗೈಲಿಟ್ಕೊಂಡು ರೆಪ್ಪೆ ಹೊಡೀದೆ ನೋಡ್ಬೇಕು ಅಂತ ಆಯಮ್ಮ ದೊಡ್ಡ ಗುಟ್ಟು ಹೇಳೋ ಥರ ಹೇಳಿದ್ರು," ಎಂದು ಮಲ್ಲಿಕಾಂಬ ಒಮ್ಮೆ ನನಗೆ ಹೇಳಿದ್ದಳು. "ಅದನ್ನ ನಾನು ಎಂಟು ವರ್ಷದವಳಿದ್ದಾಗಿಂದ ದಿನಾ ಬೆಳಿಗ್ಗೆ ಮಾಡ್ತೀನಲ್ಲ ಅಂದೆ. ಆಯಮ್ಮಂಗೇ ಗಾಬರಿ ಆಗ್ಬಿಡ್ತು."

ಅವಳು ಹೇಳಿದ್ದು ಇಷ್ಟಲಿಂಗದ ಮಾತು. ತೀರ್ಥಪ್ಪನವರದು ಮಠಕ್ಕೆ ನಡೆದುಕೊಳ್ಳುವ ಮನೆ. ದೀಕ್ಷೆಯಲ್ಲಿ ಗುರುಗಳು ಕೊಟ್ಟ ಲಿಂಗ ಬೆಳ್ಳಿಯ ಕರಡಿಗೆಯಲ್ಲಿ ಕೊರಳಿನಿಂದ ಎದೆಯ ಮೇಲೆ ಇರಬೇಕು, ಸಾಯುವ ತನಕ ಮೈಯಿಂದ ಅಗಲಬಾರದು. ಎಡಗೈಯಲ್ಲಿಟ್ಟು ದೃಷ್ಟಿ ನೆಟ್ಟು ಪೂಜೆ ಮಾಡದೆ ಅನ್ನ ಮುಟ್ಟುವಂತಿಲ್ಲ. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ತೀರ್ಥಪ್ಪನವರಿಗೆ ಸಕ್ಕರೆ ಕಾಯಿಲೆ. ಊಟ ಸ್ವಲ್ಪ ತಡವಾದರೂ ಕೈ ನಡುಗಿ ಮಂಡಿಯಲ್ಲಿ ತೂಕದ ಕಲ್ಲು ಜಾರುತ್ತಿತ್ತು. ಆದರೂ ಪೂಜೆ ಮುಗಿಯದೆ ತುತ್ತು ಎತ್ತಿದವರಲ್ಲ.

ಮೊದಲು ಸಿಕ್ಕಿಬಿದ್ದವಳು ಶಾರದಾಂಬಾ. ಅವಳಪ್ಪ, ಪೋಸ್ಟ್ ಮಾಸ್ಟರ್ ಗುಂಡಣ್ಣನವರು, ಪುಸ್ತಕವನ್ನು ಬಚ್ಚಲ ಒಲೆಗೆ ಹಾಕಿ, ಮಗಳಿಗೆ ಎರಡು ಹೊತ್ತು ಸಹಸ್ರನಾಮ ಕಡ್ಡಾಯ ಮಾಡಿ, ಸೀದಾ ತೀರ್ಥಪ್ಪನವರ ಮಂಡಿಗೆ ಬಂದರು. ಅವತ್ತು ಸಂಜೆ ಪಡಸಾಲೆಯಲ್ಲಿ ನಡೆದ ವಿಚಾರಣೆ ನನಗೆ ಮಾಳಿಗೆಯ ಬೆಳಕಿಂಡಿಯಿಂದ ಪೂರ್ತಿ ಕೇಳಿಸಿತು. ಕೇಳಿಸಿಕೊಳ್ಳಲೆಂದೇ ನಾನು ಅಲ್ಲಿ ಕೂತಿದ್ದೆ.

"ಅದೇನು, ಕಿರಿಸ್ತಾನರ ಮತಾನಾ?"

"ಅಲ್ಲಪ್ಪ."

"ಮಾಟಾನಾ?"

"ಅದೂ ಅಲ್ಲ."

"ಎರಡೂ ಅಲ್ಲದ್ದು ಈ ಮನೇಲಿ ಬೇಡ. ಇನ್ನೊಂದು ಹುಣ್ಣಿಮೆ ನೀನು ಮಾಳಿಗೆ ಹತ್ತಿದ್ದು ಕಂಡ್ರೆ ಕಾಲೇಜು ಬಂದ್. ಹೊಸದುರ್ಗದ ಸೋಮಶೇಖರಪ್ಪನ ಮಗ ಒಪ್ಕೊಂಡು ಕೂತವ್ನೆ. ಲಗ್ನಕ್ಕೆ ಹೂಂ ಅಂದ್ಬಿಡ್ತೀನಿ."

"ಪರೀಕ್ಷೆ ಬಂತಲ್ಲಪ್ಪ."

"ಅದನ್ನ ಚಂದ್ರನಿಗೆ ಹೇಳ್ಕೋ."

ಮುಂದಿನ ಹುಣ್ಣಿಮೆಗೆ ಅವಳು ಹತ್ತಿದಳು.

ಸೂರ್ಯ ಪೂರ್ತಿ ಮುಳುಗಿರಲಿಲ್ಲ. ಪೂರ್ವಕ್ಕೆ ಹೊಲದ ಸಾಲಿನ ಆಚೆ ತಾಮ್ರದ ಬಣ್ಣದ ಚಂದ್ರ ಮೇಲೇಳುತ್ತಿದ್ದ. ಅವಳು ಮಾಳಿಗೆಯ ಮಣ್ಣಿನ ಮೇಲೆ ಉಪ್ಪು ಸುರಿದು ದುಂಡಗೆ ಗೆರೆ ಎಳೆದಳು. ನಡುವೆ ಹಿತ್ತಾಳೆ ತಟ್ಟೆ ಇಟ್ಟಳು. ಕಲ್ಲಮ್ಮನ ಬೆಕ್ಕು ಗೋಡೆ ಮೇಲಿಂದ ಇಳಿದು ಗೆರೆಯ ತನಕ ಬಂದು, ಮೂಸಿ, ಹಿಂದಕ್ಕೆ ಹಿಂದಕ್ಕೆ ನಡೆದು ಹೋಯಿತು. ಬೆಕ್ಕು ಹಾಗೆ ಹಿಮ್ಮುಖವಾಗಿ ನಡೆಯುವುದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಆಮೇಲೆ ಮಲ್ಲಿಕಾಂಬ ಕೊರಳಿನ ಕರಡಿಗೆ ತೆರೆದು ಲಿಂಗವನ್ನು ತಟ್ಟೆಯಲ್ಲಿಟ್ಟಳು.

ನಾನು ಒಂದು ಹೆಜ್ಜೆ ಹಿಂದೆ ಸರಿದೆ. "ಅದನ್ನ ಮೈಯಿಂದ ತೆಗೀಬಾರದಲ್ಲ?"

"ಯಾವಾಗಲೂ ಮೈ ಮೇಲಿರೋ ಕಲ್ಲನ್ನೇ ಬೆಳಕಿಗಿಡ್ಬೇಕು ಅಂತ ಆಯಮ್ಮ ಹೇಳಿದ್ದು. ನಂಗಿರೋದು ಇದೊಂದೇ. ಚಂದ್ರ ಗೋಡೆ ದಾಟೋವರೆಗೂ, ಅಷ್ಟೇ."

ಕೆಳಗಿನಿಂದ ಅವಳ ತಾಯಿ ಪಂಕಜಾಕ್ಷಮ್ಮ ದೀಪ ಹಚ್ಚಲು ಕೂಗಿದರು. ಅವಳು ಇಳಿದಳು. ನಾನೂ ಊಟಕ್ಕೆ ಹೋಟೆಲಿನ ಕಡೆ ಹೊರಟೆ. ಆ ತಟ್ಟೆಯ ಜೊತೆ ಒಬ್ಬನೇ ಇರಲು ಮನಸ್ಸಾಗಲಿಲ್ಲ ಎನ್ನುವುದೇ ನಿಜ.

ವಾಪಸ್ ಬಂದಾಗ ಅವಳು ಗೆರೆಯ ಹೊರಗೆ ನಿಂತಿದ್ದಳು. ತಟ್ಟೆ ಬರಿದಾಗಿತ್ತು. ಉಪ್ಪಿನ ಗೆರೆ ಒಂದು ಕಡೆಯೂ ಅಳಿಸಿರಲಿಲ್ಲ. ತಟ್ಟೆಯ ಅಂಚಿಗೆ ಏನೋ ಬೆಳ್ಳಗೆ ಮೆತ್ತಿತ್ತು, ಉಪ್ಪಿರಬೇಕು ಎಂದುಕೊಂಡೆ. ಅವಳು ಅಳಲಿಲ್ಲ. ತಟ್ಟೆಯನ್ನು ತುಂಬಾ ಹೊತ್ತು ನೋಡಿ, ಎತ್ತಿಕೊಂಡು ಕೆಳಗೆ ಹೋದಳು.

ಮಾರನೆಯ ಬೆಳಿಗ್ಗೆಯಿಂದ ಅವಳು ಊಟ ಬಿಟ್ಟಳು. ಲಿಂಗವಿಲ್ಲ, ಪೂಜೆಯಿಲ್ಲ, ಪೂಜೆಯಿಲ್ಲದೆ ಅನ್ನವಿಲ್ಲ. ವಿಕ್ಕಾ ಕಲಿತ ಹುಡುಗಿ ಮನೆಯ ನೇಮವನ್ನು ಕೂದಲೆಳೆಯಷ್ಟೂ ಬಿಡಲಿಲ್ಲ. ಪೂಜೆಯ ಹೊತ್ತಿಗೆ ಸರಿಯಾಗಿ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಪಡಸಾಲೆಯಲ್ಲಿ ಅಪ್ಪನ ಎದುರಿಗೆ ಕೂರುತ್ತಿದ್ದಳು. ಬರಿಗೈಯನ್ನು ಮುಖದ ಮಟ್ಟಕ್ಕೆ ಎತ್ತಿ, ಏನೂ ಇಲ್ಲದ ಅಂಗೈಯನ್ನು ರೆಪ್ಪೆ ಬಡಿಯದೆ ನೋಡುತ್ತಿದ್ದಳು. ತೀರ್ಥಪ್ಪನವರು ತಮ್ಮ ಲಿಂಗವನ್ನು ಕೈಯಲ್ಲಿಟ್ಟುಕೊಂಡು ಕೂತರೆ ಕಣ್ಣು ಅದರ ಮೇಲೆ ನಿಲ್ಲುತ್ತಿರಲಿಲ್ಲ. ಮಗಳ ಅಂಗೈಗೇ ಹೋಗುತ್ತಿತ್ತು.

ಹೊರಗೆ ಹೋಗುವಾಗ ಒಮ್ಮೆ ನಾನೂ ಬಾಗಿಲಲ್ಲಿ ನಿಂತು ನೋಡಿದೆ. ಒಂದು ಕ್ಷಣ ಆ ಅಂಗೈಯಲ್ಲಿ ಕಪ್ಪಗೆ, ದುಂಡಗೆ ಏನೋ ಇತ್ತು. ಕಣ್ಣುಜ್ಜಿ ನೋಡಿದರೆ ಇಲ್ಲ. ಹಿಂದಿನ ದಿನ ನಾನು ಬಿಸಿಲಲ್ಲಿ ಬುಕ್ಕಾಂಬುಧಿಯ ತನಕ ಸೈಕಲ್ ತುಳಿದಿದ್ದೆ, ಅದಕ್ಕೇ ಇರಬೇಕು.

"ಇನ್ನೊಂದು ಲಿಂಗ ಕಟ್ಟಿಸ್ಕೊಂಡು ಬರೋಣ ನಡೀರಿ, ಮಠಕ್ಕೆ ಹೋಗೋಣ," ಎಂದು ಪಂಕಜಾಕ್ಷಮ್ಮ ಗಂಡನ ಬೆನ್ನು ಬಿದ್ದರು.

"ಹೋಗೋಣ," ಎಂದರು ತೀರ್ಥಪ್ಪನವರು. ಏಳಲಿಲ್ಲ.

"ನಂಗೆ ನಂದೇ ಬೇಕು," ಎಂದಳು ಮಗಳು.

ಪಂಕಜಾಕ್ಷಮ್ಮ ಮಾಳಿಗೆ ಹತ್ತಿ ಬಂದು ನನ್ನೆದುರು ಸೆರಗು ಬಾಯಿಗಿಟ್ಟುಕೊಂಡು ಅತ್ತರು. "ನೀನಾದ್ರೂ ಹುಡುಕಪ್ಪ ಅನಂತು. ಇವಳು ಹಿಂಗೆ, ಅವರು ಹಂಗೆ. ಅವರ ತಟ್ಟೇಲಿ ಹಾಕಿದ್ದು ತಟ್ಟೇಲೇ ಇರ್ತದೆ. ಹೊಟ್ಟೆ ಸರಿಯಿಲ್ಲ ಅಂತಾರೆ. ಗುಳಿಗೇನೂ ನುಂಗ್ತಿಲ್ಲ. ನೆನ್ನೆ ಬಚ್ಚಲಲ್ಲಿ ಗೋಡೆ ಹಿಡ್ಕೊಂಡು ನಿಂತಿದ್ರು."

ಮಾಳಿಗೆಯ ಮಳೆನೀರು ಹರಿಯುವ ದೋಣಿ, ಚರಂಡಿ, ಕಲ್ಲಮ್ಮನ ಎಮ್ಮೆಯ ಗೋದಲಿ, ಎಲ್ಲ ಹುಡುಕಿದೆ. ಸಿಗಲಿಲ್ಲ.

ಉಪವಾಸದ ನಾಲ್ಕನೆಯ ದಿನ ಆ ಮನೆಯ ಮೀಟರ್ ಓದುವ ಸರದಿ ಬಂತು. ಪಡಸಾಲೆಯ ಗೋಡೆಯ ಮೇಲೆ, ಸ್ವಾಮಿಗಳ ಹಳೇ ಫೋಟೋದ ಪಕ್ಕ, ಮೀಟರ್ ಹಲಗೆ. ಮಧ್ಯಾಹ್ನದ ಹೊತ್ತು, ಮನೆಯಲ್ಲಿ ಒಂದು ದೀಪವೂ ಉರಿಯುತ್ತಿರಲಿಲ್ಲ. ಆದರೂ ಮೀಟರಿನ ಚಕ್ರ ತಿರುಗುತ್ತಿತ್ತು, ತುಂಬಾ ನಿಧಾನವಾಗಿ. ಕೆಂಪು ಗುರುತು ಮೂಲೆಯಿಂದ ಬಂದು ನನ್ನನ್ನು ನೋಡಿ ಇನ್ನೊಂದು ಮೂಲೆಗೆ ಹೋಗುತ್ತಿತ್ತು. ಮೇನ್ ಸ್ವಿಚ್ ಕೆಳಗೆಳೆದೆ. ಚಕ್ರ ನಿಲ್ಲಲಿಲ್ಲ. ವೋಲ್ಟೇಜ್ ವಿಪರೀತ ಹೆಚ್ಚಾದರೆ ಮೀಟರ್ ಹಾಗೆ ತೆವಳುತ್ತದೆ ಎಂದು ನಮ್ಮ ಇಂಜಿನಿಯರು ಆಮೇಲೆ ವಿವರಿಸಿದರು. ಅಜ್ಜಂಪುರದಲ್ಲಿ ವೋಲ್ಟೇಜ್ ಹೆಚ್ಚಾದ ಉದಾಹರಣೆ ಅವರಿಗೂ ನೆನಪಾಗಲಿಲ್ಲ.

ವೈರು ನೋಡೋಣವೆಂದು ಸ್ಟೂಲ್ ಹತ್ತಿದೆ. ಹಲಗೆಯ ಮೇಲಂಚು ಮತ್ತು ಗೋಡೆಯ ನಡುವಿನ ಸಂದಿಯಲ್ಲಿ ರೇಷ್ಮೆ ಬಟ್ಟೆಯ ಸಣ್ಣ ಗಂಟಿತ್ತು. ಕೈ ಚಾಚಿದೆ.

"ಮುಟ್ಬೇಡ ಕಣಯ್ಯ!"

ತೀರ್ಥಪ್ಪನವರು ಬಾಗಿಲ ತೋಳು ಹಿಡಿದು ನಿಂತಿದ್ದರು. ಮುಖ ಬೂದಿಯಾಗಿತ್ತು, ಹಣೆಯ ತುಂಬಾ ಬೆವರು. ಅವರು ಬಂದದ್ದು ನನಗೆ ಕೇಳಿಸಿರಲೇ ಇಲ್ಲ.

"ನಾನೇ ಇಟ್ಟಿದ್ದು," ಎಂದರು ಪಿಸುದನಿಯಲ್ಲಿ. "ಹೆದರ್ತಾಳೆ, ಕಾಲಿಗೆ ಬೀಳ್ತಾಳೆ, ಇನ್ಮೇಲೆ ಆ ಹಾಳು ಪೂಜೆ ಮಾಡಲ್ಲ ಅಂತಾಳೆ, ಆಗ ಕೊಡೋಣ ಅಂತಿದ್ದೆ. ಅವಳು ಎಲ್ಲಿ ಹೋಯ್ತು ಅಂತಾನೂ ಕೇಳ್ತಿಲ್ಲ ಕಣೋ ಅನಂತು. ಸುಮ್ನೆ ಕೈ ನೋಡ್ಕೊಂಡು ಕೂತ್ಕೋತಾಳೆ. ಇವತ್ತು ಬೆಳಿಗ್ಗೆ ಆ ಕೈಲಿ ನಂಗೆ ಲಿಂಗ ಕಾಣ್ತು."

ನನಗೂ ಕಂಡಿತ್ತು ಎಂಬುದನ್ನು ನುಂಗಿಕೊಂಡೆ.

"ಊಟ ಯಾಕೆ ಬಿಟ್ರಿ?" ಎಂದೆ.

"ಇನ್ನೊಬ್ಬರ ಲಿಂಗ ಎತ್ತಿದ ಕೈ ಇದು. ಅವಳನ್ನ ಉಪವಾಸ ಕೆಡವಿ ಈ ಕೈಲಿ ಹೆಂಗೆ ಉಣ್ಲಿ?"

ನಾನು ಇಳಿದೆ, ಅವರು ಹತ್ತಿದರು. ಸ್ಟೂಲನ್ನು ನಾನು ಹಿಡಿದುಕೊಂಡಿದ್ದೆ, ಅವರ ಮೊಣಕಾಲಿನ ನಡುಕ ಸ್ಟೂಲಿನ ಕಾಲಿಗೆ ಬರುತ್ತಿತ್ತು. ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಅವರು ಇಳಿದ ಮೇಲೆ ನಾನು ಮೀಟರ್ ನೋಡಿದೆ. ಚಕ್ರ ನಿಂತಿತ್ತು.

ನಡುಮನೆಯಲ್ಲಿ ಮಲ್ಲಿಕಾಂಬ ಕಂಬಕ್ಕೊರಗಿ ಕೂತಿದ್ದಳು. ತೀರ್ಥಪ್ಪನವರು ಗಂಟನ್ನು ಅವಳ ಮುಂದಿಟ್ಟು, ಹಾಗೇ ನೆಲಕ್ಕೆ ಕೂತುಬಿಟ್ಟರು. ಯಾವ ಷರತ್ತನ್ನೂ ಹಾಕಲಿಲ್ಲ. ಅವಳು ಗಂಟು ಬಿಚ್ಚಿ, ಕಣ್ಣಿಗೊತ್ತಿಕೊಂಡು, ಎದ್ದು ಸ್ನಾನಕ್ಕೆ ಹೋದಳು. ಪೂಜೆ ಮುಗಿಸಿ ಬಂದು ಅಪ್ಪನ ಪಕ್ಕದಲ್ಲೇ ಊಟಕ್ಕೆ ಕೂತಳು. ಪಂಕಜಾಕ್ಷಮ್ಮ ಇಬ್ಬರಿಗೂ ಮುದ್ದೆ ಇಕ್ಕಿದರು. ತೀರ್ಥಪ್ಪನವರು ಅರ್ಧ ಮುದ್ದೆ ಮುಗಿದ ಮೇಲೆ, ತಟ್ಟೆ ನೋಡಿಕೊಂಡೇ, "ಸೋಮವಾರದಿಂದ ಕಾಲೇಜಿಗೆ ಹೋಗು. ಹೊಸದುರ್ಗದವರಿಗೆ ಬೇಡ ಅಂತ ಹೇಳಿ ಕಳಿಸ್ತೀನಿ," ಎಂದರು. ಅವಳು ಸಾರು ಹಾಕಿಸಿಕೊಂಡಳು.

ಸ್ವಲ್ಪ ದಿನಕ್ಕೆ ನನಗೆ ಕಡೂರಿಗೆ ವರ್ಗವಾಯಿತು. ಪೊಟ್ಟಣ ತಡವಾಗಿಯಾದರೂ ಕೆಲಸ ಮಾಡಿತು ಎಂದು ಅವಳು ಖುಷಿಯಿಂದ ಏಣಿ ಹಿಡಿದುಕೊಂಡು ನನ್ನ ಟ್ರಂಕು ಇಳಿಸಿಕೊಟ್ಟಳು.

ಈಗ ಅವಳು ಟಿಸಿಎಚ್ ಮುಗಿಸಿ ಎಮ್ಮೆದೊಡ್ಡಿ ಕಡೆಯ ಒಂದು ಶಾಲೆಯಲ್ಲಿ ಮೇಡಂ. ಹಿಂದಿನ ತಿಂಗಳು ಆ ಶಾಲೆಯ ಮೀಟರ್ ಓದಲು ಹೋಗಿದ್ದೆ. ಮೇಷ್ಟ್ರ ಬೆತ್ತ ಎಲ್ಲೂ ಕಾಣಲಿಲ್ಲ, ಆದರೂ ಅವಳ ತರಗತಿಯಲ್ಲಿ ಒಂದು ಸದ್ದಿಲ್ಲ. ಅಷ್ಟೂ ಮಕ್ಕಳು ಅವಳನ್ನು ರೆಪ್ಪೆ ಬಡಿಯದೆ ನೋಡುತ್ತಿದ್ದರು. ಕೊರಳಲ್ಲಿ ಅದೇ ಕರಡಿಗೆ. ಹುಣ್ಣಿಮೆಗೆ ಈಗಲೂ ಅಜ್ಜಂಪುರಕ್ಕೆ ಹೋಗಿ ಮಾಳಿಗೆ ಹತ್ತುತ್ತಾಳಂತೆ. ಅಪ್ಪ ಅವತ್ತು ಬೇಗ ಮಲಗುತ್ತಾರಂತೆ.

ಶಾಲೆಯೆದುರಿನ ಕಾವಲಿನ ಹುಲ್ಲುಬಯಲಲ್ಲಿ ದನಗಳು ಮೇಯುತ್ತಿದ್ದವು. ಜಗುಲಿಯ ಮೇಲೆ ಕೂತು ಅವಳು ತರಿಸಿಕೊಟ್ಟ ಟೀ ಕುಡಿಯುತ್ತಾ, ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಕೇಳಿದೆ.

"ಅವತ್ತು ತಗೊಂಡಿದ್ದು ನಿಮ್ಮಪ್ಪಾನೇ ಅಂತ ನಿಮಗೆ ಯಾವಾಗ ಗೊತ್ತಾಯ್ತು?"

"ಆವಾಗ್ಲೇ. ತಟ್ಟೆ ಅಂಚಿಗೆ ವಿಭೂತಿ ಬೆರಳು ಮೂಡಿತ್ತಲ್ಲ, ನೀವು ನೋಡ್ಲಿಲ್ವಾ?"

ಟೀ ಲೋಟ ಕೆಳಗಿಟ್ಟೆ. "ಮತ್ತೆ ಯಾಕೆ ಕೇಳ್ಲಿಲ್ಲ? ಅವರು ಕೊಡದೇ ಇದ್ದಿದ್ರೆ? ಹಂಗೇ ಉಪವಾಸ ಕೂತು ಸಾಯ್ತಿದ್ರಾ ನೀವು?"

ಅವಳು ನನ್ನನ್ನು ನೋಡಿದಳು, ಎಮ್ಮೆಯನ್ನು ನೋಡಿದ್ದಳೆಂದು ಕಲ್ಲಮ್ಮ ಹೇಳಿದ ಹಾಗೆ.

"ನಾನ್ಯಾಕೆ ಸಾಯ್ಲಿ, ಮೀಟರಣ್ಣ? ಸಕ್ಕರೆ ಕಾಯಿಲೆ ಇದ್ದಿದ್ದು ಅಪ್ಪನಿಗೆ."