ಹಿತ್ತಿಲಲ್ಲಿ ಬಿಡಿಸಿದ ಲೆಕ್ಕ

ಮದುವೆಯಾಗಿ ಕುಲಗೋಡಕ್ಕೆ ಬಂದಾಗ ನಾನು ಮ್ಯಾಟ್ರಿಕ್ ಮುಗಿಸಿದ್ದೆ, ಗೋಕಾಕದಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು. ನನ್ನ ಗಂಡ ಮುಗಿಸಿರಲಿಲ್ಲ. ಗಣಿತವೊಂದರಲ್ಲೇ ಬಿದ್ದು, ಸಾಕೆಂದು ಕಬ್ಬಿನ ಹೊಲಕ್ಕೆ ಇಳಿದಿದ್ದರು. ಹೆಂಡತಿ ಪಾಸು, ಗಂಡ ನಪಾಸು ಎಂದು ಓಣಿಯವರು ನಗುತ್ತಿದ್ದರು. ಅವರೂ ಜೊತೆಗೆ ನಗುತ್ತಿದ್ದರು. ಆ ಗುಣಕ್ಕೇ ನಾನು ಅವರನ್ನು ಬೇಗ ಮೆಚ್ಚಿಕೊಂಡೆ.

ಎರಡನೆಯ ಮಹಾಯುದ್ಧದ ಕಾಲ, ದೀಪಕ್ಕೆ ಎಣ್ಣೆ ಸಿಗುತ್ತಿರಲಿಲ್ಲ. ಓದುವುದಿದ್ದರೆ ಹಗಲೇ ಓದಬೇಕು. ಒಂದು ಮಧ್ಯಾಹ್ನ ನಾನು ಹಿತ್ತಿಲಲ್ಲಿ ಜೋಳ ಹಸನು ಮಾಡುತ್ತಿದ್ದಾಗ ಅವರು ಪಾಟಿ, ಬಳಪ ಹಿಡಿದು ಬಂದು ಕುಳಿತರು.

“ಇನ್ನೊಮ್ಮೆ ಪರೀಕ್ಷಾಕ್ಕ ಕೂಡಬೇಕಂತೇನಿ. ಹೇಳಿಕೊಡ್ತಿ ಏನ?”

ನಾನೊಂದು ಲೆಕ್ಕ ಬರೆದೆ: ಮೇಲೆ x² − 9, ಕೆಳಗೆ x² + 5x + 6. ಅವರು ಎರಡೂ ಕಡೆಯ x² ಮೇಲೆ ಗೀಟು ಎಳೆದು, ಉಳಿದದ್ದನ್ನು ಬರೆದು, ಹೆಮ್ಮೆಯಿಂದ ಪಾಟಿ ತಿರುಗಿಸಿದರು.

“ಹಂಗ ಹೊಡಿಯಾಕ ಬರೂದಿಲ್ರಿ.”

“ಎರಡೂ ಕಡೆ ಒಂದ ಐತಲ್ಲ, ಯಾಕ ಬರೂದಿಲ್ಲ?”

“ಎಕ್ಸ್ ಇದ್ದಲ್ಲಿ ಒಂದು ಇಟ್ಟು ನೋಡ್ರಿ.”

ಮೂಲ ಲೆಕ್ಕಕ್ಕೆ −8/12, ಅಂದರೆ −2/3 ಬಂತು. ಅವರ ಉತ್ತರಕ್ಕೆ −9/11. ತಲೆ ಕೆರೆದುಕೊಂಡರು.

“ಕೂಡಿಸಿದ್ದು, ಕಳೆದದ್ದು ಹೊಡಿಯಾಕ ಬರೂದಿಲ್ಲ. ಗುಣಿಸಿದ್ದು ಅಷ್ಟ ಹೊಡೀಬೇಕು. ಮೊದಲ ಬಿಡಿಸಿ ಗುಣಾಕಾರ ಮಾಡ್ಕೋರಿ.”

ಮೇಲಿನದನ್ನು ನಾನೇ (x − 3)(x + 3) ಎಂದು ಬಿಡಿಸಿದೆ. ಗುಣಿಸಿದರೆ ಆರು, ಕೂಡಿಸಿದರೆ ಐದು ಆಗುವ ಜೋಡಿಯನ್ನು ಕೆಳಗಿನದಕ್ಕೆ ಹುಡುಕಲು ಅವರಿಗೆ ಬಿಟ್ಟೆ. ಒಂದು, ಆರು ಎಂದರು, ಅಳಿಸಿದರು. ಎರಡು, ಮೂರು ಎನ್ನುವಾಗ ಮುಖ ಅರಳಿತು. (x + 2)(x + 3) ಎಂದು ಬರೆದು, ಎರಡೂ ಕಡೆಯ x + 3 ಹೊಡೆದರು. ಉಳಿದದ್ದು (x − 3)/(x + 2). ನಾನು ಹೇಳುವ ಮೊದಲೇ ಒಂದು ಇಟ್ಟು ನೋಡಿದರು: −2/3. ಗಟ್ಟಿಯಾಗಿ ನಕ್ಕುಬಿಟ್ಟರು.

ನಗು ಕೇಳಿ ಮಾವ ಬಂದರು. ಸೊಸೆ ಗಂಡನಿಗೆ ಪಾಠ ಹೇಳುವುದು ಅವರಿಗೆ ಹೇಗೆ ಕಾಣುವುದೋ ಎಂದು ಹೆದರಿ, ಸೆರಗು ಎಳೆದುಕೊಂಡು ಎದ್ದು ನಿಂತೆ.

“ಯಾರು ಹೇಳಿಕೊಟ್ರು?”

“ಈಕೀನ ಅಪ್ಪಾ.”

ಮಾವ ಪಾಟಿಯನ್ನು ಬಹಳ ಹೊತ್ತು ನೋಡಿದರು. “ಇಲ್ಲ್ಯಾಕ ಕುಂತೀರಿ? ಪಡಸಾಲ್ಯಾಗ ಬೆಳಕು ಛಲೋ ಐತಿ,” ಎಂದವರೇ ಅತ್ತೆಯನ್ನು ಕೂಗಿದರು. “ಜ್ವಾಳ ನೀ ಹಸನ ಮಾಡು. ಸೊಸಿಗೆ ಬ್ಯಾರೆ ಕೆಲಸ ಐತಿ.”

ಅತ್ತೆ ಗೊಣಗುತ್ತಲೇ ಮೊರ ಎತ್ತಿಕೊಂಡರು. ಅಂದಿನಿಂದ ಪಡಸಾಲೆಯೇ ನಮ್ಮ ಸಾಲೆಯಾಯಿತು. ದಾರಿಯಲ್ಲಿ ಹೋಗುವವರು ನಿಂತು ಕೇಳುತ್ತಿದ್ದರು, ಇವರು ಇನ್ನೂ ಜೋರಾಗಿ ಲೆಕ್ಕ ಹೇಳುತ್ತಿದ್ದರು.

ಆ ವರ್ಷ ಅವರು ಪಾಸಾದರು. ಮಾವ ಗೋಕಾಕಕ್ಕೆ ಹೋಗಿ ಕರದಂಟು ತಂದು ಓಣಿಗೆಲ್ಲ ಹಂಚಿದರು. ಮರುದಿನ ಕಿರಿಯ ಮಗಳನ್ನು ಕರೆತಂದು ನನ್ನೆದುರು ಕೂಡಿಸಿದರು.

“ಇಕೀಗೂ ಹೇಳವಾ.”

ನನ್ನ ನಾದಿನಿಗೆ ಮಗ್ಗಿಯೂ ಬರುತ್ತಿರಲಿಲ್ಲ. ನಾನೂ ನನ್ನ ಗಂಡನೂ ಸೇರಿ ಅಲ್ಲಿಂದಲೇ ಸುರು ಮಾಡಿದೆವು.