ಅರ್ಧ ಸ್ವರ ಮೇಲೆ ಹಾಡಿದ ವಸಂತ

ಎಂಬತ್ತೆರಡೋ ಎಂಬತ್ತಮೂರೋ ಇಸವಿ. ಚಾಮರಾಜಪೇಟೆಯ ಒಂದು ಸಣ್ಣ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ನಾನು ಸೌಂಡ್ ಎಂಜಿನಿಯರ್. ಎಂಜಿನಿಯರ್ ಎನ್ನುವುದು ದೊಡ್ಡ ಮಾತು. ಮೈಕು ಇಡುವವನು, ಟೇಪು ಓಡಿಸುವವನು, ಹಾಡುವವರು ಕೆಮ್ಮಿದರೆ ನಿಲ್ಲಿಸಿ ಬಿಸಿನೀರು ಕೊಡುವವನು, ಎಲ್ಲ ನಾನೇ. ಹರಿಕಥೆ, ದೇವರನಾಮ, ಸೋಪಿನ ಜಾಹೀರಾತು, ಚುನಾವಣೆ ಬಂದರೆ ಅಭ್ಯರ್ಥಿಯ ಗುಣಗಾನ, ಹೀಗೆ ಎಷ್ಟೋ ರೆಕಾರ್ಡಿಂಗ್ ಮಾಡಿ ಮರೆತಿದ್ದೇನೆ. ಆ ವರ್ಷದ ಗಣೇಶನ ಹಬ್ಬದಲ್ಲಿ ಮಾಡಿದ ಒಂದನ್ನು ಮಾತ್ರ ಮರೆಯಲು ಆಗಿಲ್ಲ. ಹಾಡಿದವನು ನನ್ನ ಗೆಳೆಯ ವಸಂತ. ಅವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಈ ಪ್ರಸಂಗ ನಿಂತಿರುವುದೇ ಅದರ ಮೇಲೆ, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ.

ನಾವಿಬ್ಬರೂ ಬಸವನಗುಡಿಯವರು. ಎಪ್ಪತ್ತರ ದಶಕದ ನಡುವೆ ಕಾಲೇಜಿನಲ್ಲಿದ್ದಾಗ ನಾಲ್ಕು ಹುಡುಗರು ಸೇರಿ ಬ್ಯಾಂಡ್ ಕಟ್ಟಿದ್ದೆವು. ಸಂಜೆ ಹೊತ್ತು ಬ್ಯೂಗಲ್ ರಾಕಿನ ಬಂಡೆಗಳ ಮೇಲೆ ನಮ್ಮ ಅಭ್ಯಾಸ. ಆಗ ಬ್ಯಾಂಡ್ ಎಂದರೆ ದಂಡು ಪ್ರದೇಶದ ಹುಡುಗರದ್ದು, ಇಂಗ್ಲಿಷ್ ಹಾಡಿನದ್ದು. ನಮ್ಮ ಕಡೆ ಗಿಟಾರ್ ಹಿಡಿದು ನಡೆದರೆ ಜಗಲಿಯ ಮೇಲೆ ಕೂತ ಹಿರಿಯರು, “ಏನಪ್ಪಾ, ಯಾಕೋ ವೀಣೆ ಸೊರಗೋಗಿದೆಯಲ್ಲಾ?” ಎಂದು ಕಿಚಾಯಿಸುತ್ತಿದ್ದರು. ವಸಂತ ಹಾಡುತ್ತಿದ್ದ. ಅವನ ದನಿಗೆ ಮೇಲಿನ ಸ್ವರದಲ್ಲಿ ನಾನು ದನಿ ಕೂಡಿಸುತ್ತಿದ್ದೆ. ಇದನ್ನು ಹಾರ್ಮನಿ ಎನ್ನುತ್ತಾರೆ. ಚೆನ್ನಾಗಿ ಬಂದರೆ ಜನ ಹಾಡುಗಾರನನ್ನು ಹೊಗಳುತ್ತಾರೆ, ಕೆಟ್ಟರೆ ಹಾರ್ಮನಿಯವನು ಯಾರು ಎಂದು ಹುಡುಕುತ್ತಾರೆ.

ಡಿಗ್ರಿ ಓದುವ ಹುಡುಗರಿಗೆ ಆ ಕಾಲದಲ್ಲಿ ಟೈಪಿಂಗ್ ಕಲಿಯದೆ ಮನೆಯಲ್ಲಿ ಉಳಿಗಾಲವಿರಲಿಲ್ಲ. ಗಾಂಧಿ ಬಜಾರಿನ ಮಹಡಿ ಮೇಲಿನ ಇನ್‌ಸ್ಟಿಟ್ಯೂಟಿಗೆ ಇಬ್ಬರೂ ಸೇರಿದೆವು. ಎ ಎಸ್ ಡಿ ಎಫ್ ಎಂದು ಒಂದೇ ಸಾಲನ್ನು ಕುಟ್ಟುವುದು, ಸಾಲು ಮುಗಿಯುತ್ತ ಬಂದಾಗ ಮಷೀನಿನ ಗಂಟೆ ಟಿಂಗ್ ಎನ್ನುವುದು, ಮತ್ತೆ ಅದೇ ಸಾಲು. ಕೋರ್ಸು ಮುಗಿದಾಗ ನಾನು ಜೂನಿಯರ್ ಪರೀಕ್ಷೆಯಲ್ಲಿ ಪಾಸು, ವಸಂತ ಡುಮ್ಕಿ. ಆದರೆ ಅವನು ಒಂದು ಹಾಡು ಬರೆದಿದ್ದ. ಹುಡುಗನೊಬ್ಬ ಒಂದೇ ಸಾಲನ್ನು ಟೈಪ್ ಮಾಡುತ್ತ ಕೂತಿದ್ದಾನೆ. ಪಕ್ಕದ ಮಷೀನಿನ ಹುಡುಗಿ ಪಾಸಾಗಿ ಬೊಂಬಾಯಿಗೆ ಹೊರಟುಹೋಗಿದ್ದಾಳೆ. ಗಂಟೆ ಹೊಡೆದಾಗಲೆಲ್ಲ ಅವನು ಪಕ್ಕಕ್ಕೆ ತಿರುಗಿ ನೋಡುತ್ತಾನೆ. ಅಷ್ಟೇ ಹಾಡು, ಅಚ್ಚ ಕನ್ನಡದಲ್ಲಿ, ರಾಕ್ ಧಾಟಿಯಲ್ಲಿ. ಆ ಟಕಟಕ ನಾನೂ ಕೇಳಿದ್ದೆ. ಆ ಹುಡುಗಿಯ ಪಕ್ಕದಲ್ಲಿ ನಾನೂ ಕೂತಿದ್ದೆ. ನನಗೆ ಸರ್ಟಿಫಿಕೇಟ್ ಬಂತು, ಅವನಿಗೆ ಹಾಡು ಬಂತು. ಅವತ್ತು ಹೊಟ್ಟೆಯಲ್ಲಿ ಹೊತ್ತಿಕೊಂಡದ್ದು ಇವತ್ತಿಗೂ ಆರಿಲ್ಲ.

ಕಾಲೇಜು ಮುಗಿದ ಮೇಲೆ ಬ್ಯಾಂಡ್ ಚದುರಿತು. ನಾನು ರೇಡಿಯೋ ರಿಪೇರಿ ಕಲಿತು ಸ್ಟುಡಿಯೋ ಸೇರಿದೆ. ವಸಂತ ಗಿಟಾರ್ ಬಿಡಲಿಲ್ಲ. ಬ್ರಿಗೇಡ್ ರೋಡಿನ ರೆಸ್ಟೋರೆಂಟುಗಳಲ್ಲಿ ಹೊಟ್ಟೆಪಾಡಿಗೆ ಇಂಗ್ಲಿಷ್ ಹಾಡುತ್ತಿದ್ದ. ಹಬ್ಬದ ಪೆಂಡಾಲುಗಳಲ್ಲಿ ಅವಕಾಶ ಸಿಕ್ಕಿದರೆ ತನ್ನದೇ ಹಾಡು ಹಾಡುತ್ತಿದ್ದ. “ಏ, ಪಿಕ್ಚರ್ ಹಾಡು ಹಾಡ್ರೀ!” ಎಂದು ಜನ ಕೂಗಿದರೂ ನಕ್ಕು ಮುಂದಿನದನ್ನು ಶುರುಮಾಡುತ್ತಿದ್ದ. ಅವನ ದನಿ ತಗ್ಗು. ಸಾಲಿನ ಕೊನೆಯಲ್ಲಿ ಇನ್ನಷ್ಟು ಕೆಳಗಿಳಿದು, ಮರಳಿನ ಮೇಲೆ ಕಾಲೆಳೆದಂತೆ ಒಂದು ಗರಗರ ಹೊರಡುತ್ತಿತ್ತು. ಆ ಗರಗರ ಬರಲಿ ಎಂದು ನಾನು ಬಚ್ಚಲುಮನೆಯಲ್ಲಿ ಎಷ್ಟು ಬೆಳಗು ಹೆಣಗಿದ್ದೇನೋ! ನನಗೆ ಬಂದದ್ದು ಕೆಮ್ಮು.

ಆ ವರ್ಷ ವಸಂತನಿಗೆ ಗುಲ್ಬರ್ಗದ ಬ್ಯಾಂಕೊಂದರಲ್ಲಿ ಕೆಲಸವಾಯಿತು. ಅವನಮ್ಮ ಸಿಹಿ ಹಂಚಿಬಿಟ್ಟರು. ಕೆಲಸಕ್ಕೆ ಹೋದರೆ ಹಾಡಿಗೆ ಮಂಗಳ ಹಾಡಿದಂತೆ ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ಅದೇ ಹೊತ್ತಿಗೆ ತರಗುಪೇಟೆಯ ಬೇಳೆ ವ್ಯಾಪಾರಿ ನಂಜುಂಡಯ್ಯನವರು ಕ್ಯಾಸೆಟ್ ಕಂಪನಿ ಮಾಡಲು ಹೊರಟಿದ್ದರು. ವಸಂತನ ಹಾಡನ್ನು ಪೆಂಡಾಲಿನಲ್ಲಿ ಕೇಳಿ ಅವರು ಹೇಳಿದ್ದು ಇಷ್ಟು: “ಹಾಡೇನೋ ಪಸಂದಾಗಿದೆ. ವಾಯ್ಸು ಭಾರ ಕಣಪ್ಪಾ. ಹಬ್ಬದ ಮನೇಲಿ ಯಾರ್ ಹಾಕ್ತಾರೆ ಇದನ್ನ? ಒಂದ್ಸಲ ರೆಕಾರ್ಡ್ ಮಾಡಿ ತನ್ನಿ, ನೋಡಣ.” ರಾಜ್ಯೋತ್ಸವಕ್ಕೆ ಬೀದಿಬೀದಿಯಲ್ಲಿ ಆರ್ಕೆಸ್ಟ್ರಾ ನಡೆಯುತ್ತದಲ್ಲ, ಅಷ್ಟರೊಳಗೆ ಕ್ಯಾಸೆಟ್ ಬರಬೇಕೆಂಬುದು ಅವರ ಲೆಕ್ಕ. ಅವರು ಒಪ್ಪಿದರೆ ವಸಂತ ಬೆಂಗಳೂರಿನಲ್ಲಿ ಉಳಿಯುವುದು, ಇಲ್ಲವಾದರೆ ಗುಲ್ಬರ್ಗದ ರೈಲು.

ರೆಕಾರ್ಡಿಂಗಿಗೆ ವಸಂತ ಒಂದು ಹಳೆಯ ಟೈಪ್‌ರೈಟರನ್ನೇ ಹೊತ್ತು ತಂದ. ತಾಳಕ್ಕೆ ಅದರ ಕೀಲಿಗಳು, ಸಾಲಿನ ಕೊನೆಗೆ ಅದರ ಗಂಟೆ. ನೋಡಿದ ಕೂಡಲೇ ‘ನನಗೇಕೆ ಹೊಳೆಯಲಿಲ್ಲ’ ಎನಿಸಿತು. ಗಿಟಾರ್ ಅವನದೇ, ಬೇಸ್ ಗಿಟಾರಿಗೆ ಒಬ್ಬ, ಡ್ರಮ್ಸ್ ಬಾರಿಸುವವನೇ ಟೈಪ್‌ರೈಟರನ್ನೂ ಕುಟ್ಟಿದ. ಈಗಿನ ಹಾಗೆ ಒಬ್ಬೊಬ್ಬರನ್ನು ಬೇರೆಬೇರೆ ಹಿಡಿದು ಕೂಡಿಸುವ ಸೌಕರ್ಯ ನಮ್ಮಲ್ಲಿರಲಿಲ್ಲ. ಎಲ್ಲರೂ ಒಟ್ಟಿಗೆ ನುಡಿಸಬೇಕು, ಒಬ್ಬ ತಪ್ಪಿದರೆ ಎಲ್ಲರೂ ಮೊದಲಿನಿಂದ. ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದು ಒಳ್ಳೆಯ ಟೇಕ್ ಸಿಕ್ಕಿತು. ಅಲ್ಲೇ ಹಾಕಿ ಕೇಳಿದೆವು. ಎಲ್ಲ ಸರಿಯಾಗಿತ್ತು. ಟೈಪ್‌ರೈಟರನ್ನು ನಮ್ಮಲ್ಲೇ ಬಿಟ್ಟು ಹುಡುಗರು ಕಾಫಿಗೆ ಹೋದರು.

ಮಾರನೆಯ ದಿನ ಬೆಳಗ್ಗೆ ವಸಂತ, ಹುಡುಗರೆಲ್ಲ ಸೇರಿದ್ದಾಗ ನಂಜುಂಡಯ್ಯನವರು ಬಂದು ಕೂತರು, ಕೈಯಲ್ಲಿ ಎಲೆಯಡಿಕೆ ಚೀಲ. ಟೇಪು ಓಡಿಸಿದೆ. ಎರಡು ಸಾಲು ಮುಗಿಯುವಷ್ಟರಲ್ಲಿ ಅವರ ಮುಖ ಅರಳಿತು.

“ಇದಪ್ಪಾ ವಾಯ್ಸು! ಏನ್ ಲವಲವಿಕೆ! ಪೆಂಡಾಲಲ್ಲಿ ಯಾಕೆ ಹಂಗ್ ಗೊಗ್ಗರು ಗೊಗ್ಗರಾಗಿ ಹಾಡ್ತಿದ್ದೆ ನೀನು? ಆಯ್ತು, ಕ್ಯಾಸೆಟ್ ನಂದು. ಇದೇ ವಾಯ್ಸ್‌ನಲ್ಲಿ ಇನ್ನೊಂದ್ ಏಳೆಂಟು ಹಾಡು ಮಾಡ್ಕೊಡು.”

ವಸಂತ ಕುಣಿಯುವುದೊಂದು ಬಾಕಿ. ಬೇಸ್ ಗಿಟಾರಿನವನು ಅವನನ್ನು ಎತ್ತಿಕೊಂಡೇಬಿಟ್ಟ. ನಾನು ಮಾತ್ರ ಮಷೀನಿನ ಮುಂದೆ ಬೆಪ್ಪನಂತೆ ಕೂತಿದ್ದೆ. ಏಕೆಂದರೆ ಗರಗರ ಇರಲಿಲ್ಲ. ಸಾಲಿನ ಕೊನೆಯಲ್ಲಿ, ವರ್ಷಗಟ್ಟಲೆ ನನ್ನ ನಿದ್ದೆ ಕೆಡಿಸಿದ್ದ ಆ ಮರಳಿನ ಸದ್ದು ಇರಬೇಕಾದ ಜಾಗದಲ್ಲಿ, ನುಣುಪಾದ ಎಳೆಯ ದನಿಯೊಂದಿತ್ತು. ಹಾಡೂ ಒಂದಿಷ್ಟು ಅವಸರದಲ್ಲಿತ್ತು. ವಸಂತನಿಗೇ ಅದು ತಿಳಿದಿರಲಿಲ್ಲ. ತಮ್ಮ ದನಿ ಟೇಪಿನಲ್ಲಿ ಹೇಗೆ ಕೇಳುತ್ತದೆಂದು ಹಾಡುವವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ.

ಅವರೆಲ್ಲ ಹೋದ ಮೇಲೆ ಟೇಪನ್ನು ಮತ್ತೆ ಹಾಕಿದೆ. ದನಿ ಒಂದೊಂದು ದಿನ ಒಂದೊಂದು ಥರ ಇರುತ್ತದೆ. ಗಿಟಾರಿನ ತಂತಿಯೂ ಏರುಪೇರಾಗುತ್ತದೆ. ಟೈಪ್‌ರೈಟರಿನ ಗಂಟೆ ಕಬ್ಬಿಣದ್ದು, ಅದಕ್ಕೆ ಒಳ್ಳೆಯ ದಿನ ಕೆಟ್ಟ ದಿನ ಇಲ್ಲ. ಟೇಪಿನಲ್ಲಿ ಗಂಟೆ ಹೊಡೆದಾಗ ಮೂಲೆಯಲ್ಲಿದ್ದ ಟೈಪ್‌ರೈಟರಿನ ಗಂಟೆಯನ್ನೂ ಹೊಡೆದೆ. ಟೇಪಿನ ಗಂಟೆ ಹತ್ತಿರಹತ್ತಿರ ಅರ್ಧ ಸ್ವರ ಮೇಲಿತ್ತು.

ಆಗಿದ್ದು ಇಷ್ಟು. ಗಣೇಶನನ್ನು ಕೂರಿಸಿದ ವಾರ ಚಾಮರಾಜಪೇಟೆಯ ಪ್ರತಿ ಬೀದಿಯಲ್ಲೂ ಸೀರಿಯಲ್ ಸೆಟ್ಟಿನ ದೀಪ. ಸಂಜೆಯಾದರೆ ವೋಲ್ಟೇಜ್ ಕುಸಿಯುತ್ತಿತ್ತು, ನಮ್ಮ ಸ್ಟೆಬಿಲೈಜರ್ ಕೂಡ ಕೈಚೆಲ್ಲುತ್ತಿತ್ತು. ರೆಕಾರ್ಡ್ ಮಾಡುವಾಗ ಮೋಟಾರು ನಿಧಾನವಾಗಿ ತಿರುಗಿದೆ. ಆ ಸಂಜೆ ಕೇಳುವಾಗಲೂ ನಿಧಾನವಾಗಿಯೇ ತಿರುಗಿದ್ದರಿಂದ ನಮಗೆ ಸರಿಯೆನಿಸಿದೆ. ಬೆಳಗ್ಗೆ ಪೂರ್ತಿ ಕರೆಂಟು ಬಂದು ಮೋಟಾರು ತನ್ನ ವೇಗಕ್ಕೆ ಓಡಿದಾಗ ಹಾಡು ಚುರುಕಾಗಿ, ದನಿ ಮೇಲೇರಿದೆ. ನಂಜುಂಡಯ್ಯನವರು ಮೆಚ್ಚಿದ್ದು ಹಬ್ಬದ ಕರೆಂಟನ್ನು.

ಇದು ತಿಳಿದಾಗ ನನಗೆ ಖುಷಿಯಾಯಿತು. ಮೈಯೆಲ್ಲ ಖುಷಿಯಾಯಿತು. ಮರುಕ್ಷಣವೇ ದಿಗಿಲಾಯಿತು. ಟೇಪು ತಪ್ಪಾಗಿದೆಯೆಂದು ಹೇಳುವುದು ನನ್ನ ಕೆಲಸ. ಆದರೆ ಹೇಳಿದರೆ ವಸಂತ ಗುಲ್ಬರ್ಗಕ್ಕೆ. ಅವನು ಹೋಗಲಿ ಎಂದು ನನ್ನೊಳಗೆ ಒಬ್ಬ ಎಷ್ಟು ವರ್ಷದಿಂದ ಹರಕೆ ಹೊತ್ತಿದ್ದನೋ! ಸತ್ಯವೂ ಹೊಟ್ಟೆಕಿಚ್ಚೂ ಒಂದೇ ಬಾಯಿಂದ ಮಾತಾಡುವಾಗ ಯಾರ ಮಾತು ಹೊರಗೆ ಬಂತೆಂದು ತಿಳಿಯುವುದು ಹೇಗೆ? ಕೊನೆಗೆ ನಂಜುಂಡಯ್ಯನವರಿಗೆ ಹೇಳುವ ಹಕ್ಕು ನನಗಿಲ್ಲ, ವಸಂತನಿಗೆ ಹೇಳದಿರುವ ಹಕ್ಕೂ ಇಲ್ಲ ಎಂದು ತೀರ್ಮಾನಿಸಿದೆ.

ಆ ಮಧ್ಯಾಹ್ನವೇ ಗಾಂಧಿ ಬಜಾರಿನ ಹೋಟೆಲಿನಲ್ಲಿ ಬೈಟು ಕಾಫಿ ಮುಂದಿಟ್ಟುಕೊಂಡು ಹೇಳಿದೆ. “ವಸಂತ, ಆ ಟೇಪಲ್ಲಿರೋದು ನಿನ್ ವಾಯ್ಸ್ ಅಲ್ಲ ಕಣೋ.”

“ಮತ್ಯಾರ್ದು, ನಿಮ್ಮಪ್ಪಂದಾ?”

ವೋಲ್ಟೇಜ್, ಮೋಟಾರು, ಗಂಟೆ ಎಲ್ಲ ವಿವರಿಸಿದೆ. ಅವನು ಲೋಟ ಕೆಳಗಿಟ್ಟ. ಅಕ್ಕಪಕ್ಕದವರು ತಿರುಗಿ ನೋಡುವಷ್ಟು ಜೋರಾಗಿ, “ನಿಂಗೆ ಹೊಟ್ಟೆಕಿಚ್ಚು ಕಣೋ. ಕಾಲೇಜಿಂದ್ಲೂ ನೋಡ್ತಿದೀನಿ. ಅಷ್ಟ್ ಜನ ಕೇಳಿದ್ರಲ್ಲ, ಒಬ್ರಿಗಾದ್ರೂ ಅನ್ನಿಸ್ತಾ?” ಎಂದ.

“ಹೊಟ್ಟೆಕಿಚ್ಚೇ. ಇಲ್ಲ ಅಂದೋರ್ಯಾರು?” ಎಂದೆ. “ಅದಕ್ಕೇ ನಂಗ್ ಗೊತ್ತಾಯ್ತು. ಅವರ್ಯಾರಿಗೂ ಹೊಟ್ಟೆಕಿಚ್ಚಿಲ್ಲ, ಅದಕ್ಕೇ ಗೊತ್ತಾಗ್ಲಿಲ್ಲ. ನೀನ್ ಎಲ್ಲಿ ಉಸಿರೆಳೀತೀಯ, ಎಲ್ಲಿ ಬಿಡ್ತೀಯ, ನಂಗೆ ಬಾಯಿಪಾಠ ಗುರು.”

ಅವನು ಉಳಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದ. ಆಮೇಲೆ, “ನಡಿ, ಗಂಟೆ ತೋರಿಸು” ಎಂದು ಎದ್ದ.

ಸ್ಟುಡಿಯೋದಲ್ಲಿ ಟೇಪಿನ ಗಂಟೆ, ಟೈಪ್‌ರೈಟರಿನ ಗಂಟೆ ಎರಡನ್ನೂ ಕೇಳಿದ. ಶ್ರುತಿ ಏರಿಸಲು ಗಿಟಾರಿಗೆ ಒಂದು ಮನೆ ಮೇಲೆ ಪಟ್ಟಿ ಕಟ್ಟಿ, ಟೇಪಿನ ಜೊತೆ ಟೇಪಿನಷ್ಟೇ ಎತ್ತರದಲ್ಲಿ ಹಾಡಲು ನೋಡಿದ. ಎರಡನೆಯ ಚರಣದಲ್ಲಿ ದನಿ ಒಡೆಯಿತು. ಇನ್ನೊಮ್ಮೆ ನೋಡಿದ, ಮತ್ತೆ ಒಡೆಯಿತು. ಕ್ಯಾಸೆಟ್ ಬಂದರೆ ರಾಜ್ಯೋತ್ಸವದ ತಿಂಗಳಿಡೀ ಬೀದಿಬೀದಿಯ ವೇದಿಕೆಯಲ್ಲಿ ಅದನ್ನೇ ಹಾಡಬೇಕು, ಈ ದನಿಯನ್ನು ಅವನು ಎಲ್ಲಿಂದ ತರಬೇಕಿತ್ತು? ನನ್ನ ಕಡೆ ನೋಡದೆಯೇ ಹೇಳಿದ: “ಭಾನುವಾರ ಬೆಳಗ್ಗೆ ಕರೆಂಟ್ ಚೆನ್ನಾಗಿರತ್ತಾ? ಇನ್ನೊಂದ್ಸಲ ಮಾಡಣ. ಮೇಲಿನ ಸ್ವರಕ್ಕೆ ನೀನ್ ಬಾ. ನಂಜುಂಡಯ್ಯನೋರಿಗೆ ಮೇಲಿಂದು ಬೇಕಲ್ವಾ, ನೀನ್ ಕೊಡು.”

ಭಾನುವಾರ ಬೆಳಗ್ಗೆ ಹುಡುಗರೆಲ್ಲ ಮತ್ತೆ ಸೇರಿದರು. ದನಿಗಳ ಮಟ್ಟ ಹೊಂದಿಸಿ, ಟೇಪು ಓಡಲು ಬಿಟ್ಟು, ಒಳಗೆ ಹೋಗಿ ಅವನ ಪಕ್ಕ ನಿಂತೆ. ಕಾಲೇಜಿನ ನಂತರ ನಾವು ಒಟ್ಟಿಗೆ ಹಾಡಿದ್ದು ಅದೇ ಮೊದಲು. ವಸಂತ ಅಷ್ಟು ಚೆನ್ನಾಗಿ ಹಾಡಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ನನ್ನ ದನಿಯನ್ನು ಟೇಪಿನಲ್ಲಿ ಒಂದಿಷ್ಟು ಹಿಂದೆ ಇಟ್ಟಿದ್ದೆ. ಹಾರ್ಮನಿ ಮುಂದೆ ಬರಬಾರದು, ಅದು ಕಸುಬಿನ ನಿಯಮ. ಹಾಗೆ ಇಡುವಾಗ ಕೈ ಹಿಂದೆಮುಂದೆ ನೋಡಿದ್ದೂ ನಿಜ.

ನಂಜುಂಡಯ್ಯನವರು ಪೂರ್ತಿ ಕೇಳಿದರು. ಕೈಯಲ್ಲಿದ್ದ ಅಡಿಕೆ ಬಾಯಿಗೆ ಹೋಗಲಿಲ್ಲ.

“ಇದೇನಪ್ಪಾ, ಪಾಲಿಷ್ ಬೇಳೆ ತೋರ್ಸಿ ಸಿಪ್ಪೆ ಬೇಳೆ ತೂಗ್ತೀಯ? ನಂಗ್ ಮೊದಲ್ನೇದೇ ಬೇಕು. ಇಲ್ಲಾಂದ್ರೆ ಬೇಡ.”

“ಅದು ನಾನಲ್ಲ ಸಾರ್. ಇದು ನಾನು” ಎಂದ ವಸಂತ.

“ಹಂಗಾರೆ ಬೇಡ ಬಿಡಪ್ಪಾ” ಎಂದು ಅವರು ಚೀಲ ಎತ್ತಿಕೊಂಡರು. ಸಿಟ್ಟೇನೂ ಇರಲಿಲ್ಲ.

ವಸಂತ ಗುಲ್ಬರ್ಗಕ್ಕೆ ಹೋದ. ರೈಲು ಹೊರಡುವಾಗ ಬಾಗಿಲಲ್ಲಿ ನಿಂತು, “ಖುಷಿಯಾಯ್ತೇನೋ?” ಎಂದು ನಗುತ್ತ ಕೇಳಿದ. ಆಯಿತು ಎನ್ನಲು ಬಾಯಿ ತೆರೆದವನು ರೈಲಿನ ಜೊತೆ ನಾಲ್ಕು ಹೆಜ್ಜೆ ಓಡಿ ನಿಂತೆ. ಮನೆಗೆ ನಡೆದು ಬರುವಾಗ ಬಸವನಗುಡಿ ಬಿಕೋ ಎನ್ನುತ್ತಿತ್ತು. ಹೊಟ್ಟೆಕಿಚ್ಚು ಪಡಲೂ ಒಬ್ಬ ಎದುರಿಗೆ ಇರಬೇಕು.

ಭಾನುವಾರದ ಆ ಹಾಡಿಗೆ ನಾನು ಒಂದು ಕ್ಯಾಸೆಟ್ ಪ್ರತಿ ಮಾಡಿ ಅವನಿಗೆ ಕೊಟ್ಟಿದ್ದೆ. ಅದನ್ನು ಅವನು ಬ್ಯಾಂಕಿನ ಗೆಳೆಯನಿಗೆ ಕೊಟ್ಟನಂತೆ, ಆ ಗೆಳೆಯ ತನ್ನ ತಮ್ಮನ ಹಾಸ್ಟೆಲಿಗೆ. ಹುಡುಗರು ಎರಡು ಟೇಪ್‌ರೆಕಾರ್ಡರು ಎದುರುಬದುರಾಗಿಟ್ಟು ಪ್ರತಿಯಿಂದ ಪ್ರತಿ ಮಾಡಿಕೊಂಡರು. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಒಂದು ಸಂಜೆ ಮಲ್ಲೇಶ್ವರದಿಂದ ಆಟೋದಲ್ಲಿ ಬರುತ್ತಿದ್ದೆ. ಡ್ರೈವರು ಕ್ಯಾಸೆಟ್ ಹಾಕಿದ. ಟಕಟಕ, ಆಮೇಲೆ ಮಂಕಾದ ಒಂದು ಟಿಂಗ್. ಸೀಟಿನ ತುದಿಗೆ ಬಂದು ಕೂತೆ. ಕವರಿಲ್ಲದ ಕ್ಯಾಸೆಟ್ಟು, ಹೆಸರಿಲ್ಲದ ಹಾಡುಗಾರ.

ಪ್ರತಿಯಿಂದ ಪ್ರತಿ ಮಾಡುತ್ತ ಹೋದರೆ ಟೇಪಿನಲ್ಲಿ ಮೊದಲು ಸಾಯುವುದು ಎತ್ತರದ, ತೆಳುವಾದ ಸದ್ದುಗಳು. ಹಿಸ್ ಎನ್ನುವ ಗದ್ದಲ ಬೆಳೆಯುತ್ತದೆ, ಹಿಂದೆ ನಿಂತವರೆಲ್ಲ ಅದರಲ್ಲಿ ಮುಳುಗುತ್ತಾರೆ. ಚರಣ ಬಂದಾಗ ಕಿವಿಯನ್ನು ಸ್ಪೀಕರಿಗೆ ಹಚ್ಚಿ ಕೇಳಿದೆ. ನಾನು ಎಲ್ಲೂ ಇರಲಿಲ್ಲ. ವಸಂತ ಇದ್ದ. ಅವನ ತಗ್ಗಿನ ದನಿ, ಸಾಲಿನ ಕೊನೆಯ ಗರಗರ, ಒಂದು ಕಾಳೂ ಉದುರದೆ ಹಾಗೇ ಇತ್ತು. ಹಬ್ಬದ ಕರೆಂಟಿನ ಆ ನುಣುಪು ದನಿ ಕ್ಯಾಸೆಟ್ಟಾಗಿದ್ದರೆ ಇಷ್ಟು ಕೈ ದಾಟುವಷ್ಟರಲ್ಲಿ ಅದೂ ನನ್ನ ಹಾಗೆಯೇ ತೊಳೆದುಹೋಗುತ್ತಿತ್ತು. ಈ ಕಸುಬು ನನಗೆ ಕಲಿಸಿದ್ದು ಇದನ್ನೇ: ಮೆಚ್ಚುವವರು ಹಾಡು ಕೇಳುತ್ತಾರೆ, ಹೊಟ್ಟೆಕಿಚ್ಚಿನವನು ಉಸಿರು ಕೇಳುತ್ತಾನೆ. ಹಾಗೆ ಕೇಳಿಸಿಕೊಂಡದ್ದನ್ನು ಅವನು ಹಾಡಿದವನ ಮುಖಕ್ಕೇ ಹೇಳಬೇಕು, ಬೆನ್ನ ಹಿಂದೆ ಅಲ್ಲ.

“ಮಸ್ತಾಗಿದೆ ಅಲ್ವಾ ಸಾರ್? ಯಾರ್ ಹಾಡಿರೋದು ಅಂತ ಗೊತ್ತಿಲ್ಲ” ಎಂದ ಡ್ರೈವರು, ಕನ್ನಡಿಯಲ್ಲಿ ನನ್ನನ್ನು ನೋಡುತ್ತ.

“ವಸಂತ ಅಂತ. ಹೊಟ್ಟೆ ಉರಿಯೋಷ್ಟು ಚೆನ್ನಾಗ್ ಹಾಡಿದಾನೆ” ಎಂದೆ. “ಸ್ವಲ್ಪ ಜೋರ್ ಮಾಡಪ್ಪಾ.”