ನೀರಿನ ಪಾಳಿಯ ಲಿಂಕ್

ಅಂಕಲಿ ಕಡೆ ಹೊಲಗಳಿಗೆ ಕೃಷ್ಣಾ ನದಿಯ ನೀರು ಎತ್ತಿ ಕೊಡುವ ನಮ್ಮ ಸಂಘಕ್ಕೆ ಒಂದು ವೆಬ್‌ಸೈಟ್ ಇದೆ. ಯಾವ ಸದಸ್ಯನ ಪುಟದಲ್ಲಿ ಯಾವ ಲಿಂಕ್ ಕಾಣಬೇಕೆಂದು ಆರಿಸಿ ಕೂಡಿಸುವ ಕೆಲಸವನ್ನು ಈ ಇಳಿವಯಸ್ಸಿನಲ್ಲಿ ನಾನು ಕಷ್ಟಪಟ್ಟು ಕಲಿತೆ. ಪಕ್ಕದ ಹೊಲದವನು ತುಂಬಿದ ಸಭೆಯಲ್ಲಿ, "ಕಾಕಾನ ಕೈಯಾಗ ಮೌಸ್ ಕೊಟ್ರ ನಶ್ಯದ ಡಬ್ಬಿ ಅಂತ ಮೂಗಿಗೆ ಹಿಡೀತಾನ್ರಿ" ಎಂದು ಎಲ್ಲರನ್ನೂ ನಗಿಸಿದ.

ಅಂದೇ ಅವನ ಪುಟದಿಂದ ಅವನಿಗೆ ನೀರು ಬಿಡುವ ದಿನ ತೋರಿಸುವ 'ನೀರಿನ ಪಾಳಿ' ಎಂಬ ಲಿಂಕನ್ನು ತೆಗೆದೆ.

ಎರಡು ದಿನ ಬಿಟ್ಟು ಬಂದ. "ಕಾಕಾ, ನನ್ನ ಪಾಳಿ ಕಾಣವಲ್ದಲ್ರಿ?"

"ಇನ್ನೂ ಹಾಕಿಲ್ಲ ತಮ್ಮಾ. ಹಾಕಿದ ಮ್ಯಾಲ ಕಾಣತೈತಿ" ಎಂದೆ. ಹೊಟ್ಟೆ ತಣ್ಣಗಾಯಿತು.

ಪಾಳಿಯ ದಿನ ಅವನು ಬರಲಿಲ್ಲ. ಬಾರದವನ ನೀರು ಪಟ್ಟಿಯಲ್ಲಿ ಮುಂದಿನವನಿಗೆ ಹೋಗುತ್ತದೆ. ಆ ಮುಂದಿನವನು ನಾನೇ. ಅವನ ಮೆಣಸಿನ ಸಸಿ ಬಾಡುವುದನ್ನು ನೋಡುತ್ತ, ನನ್ನ ಕಬ್ಬಿಗೆ ಹಿಗ್ಗಿನಿಂದ ನೀರು ಹಾಯಿಸಿದೆ. ಆಗ ಅವನ ಹೆಂಡತಿ ಬದುವಿನ ಮೇಲೆ ಕೊಡ ಹಿಡಿದು ನಿಂತಳು.

"ಕಾಕಾರ, ನಿಮ್ಮ ನೀರಾಗ ಎರಡು ಕೊಡ ತುಂಬಕೊಳ್ಳಲೇನ್ರಿ?"

ಅದು ಅವರದೇ ನೀರು. "ತುಂಬಕೋವಾ" ಎಂದೆ. ಎರಡೇ ಕೊಡ ತುಂಬಿಕೊಂಡು ಕೈಮುಗಿದಳು.

ಮನೆಗೆ ಬಂದವನೇ ಆ ಲಿಂಕನ್ನು ಮತ್ತೆ ಕೂಡಿಸಿದೆ, ಎಲ್ಲಕ್ಕಿಂತ ಮೇಲೆ. ತೆಗೆದವನು ನಾನೆಂದು ಅವರಿಗೆ ಇವತ್ತಿಗೂ ಹೇಳಿಲ್ಲ.